ಉದುರಿದ ಹಲ್ಲು ಆಯಸ್ಸಿನ ಲೆಕ್ಕ ಹೇಳುತ್ತದೆಯೇ?

ಶಿರಸಿ ಹತ್ತಿರದ ಅಜ್ಜಿಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ಸದ್ದು ಏಳುತ್ತಿತ್ತು. ಟಣ್, ಟಣ್, ಟಣ್. ಅಜ್ಜಿ ಜಗಲಿಯ ಮೂಲೆಯಲ್ಲಿ ಕಾಲು ಚಾಚಿ ಕೂತು ಹಿತ್ತಾಳೆಯ ಕುಟ್ಟಾಣಿಯಲ್ಲಿ ಕವಳ ಕುಟ್ಟುತ್ತಿದ್ದಳು. ಎಲೆ, ಅಡಿಕೆ, ಚೂರು ಸುಣ್ಣ ಎಲ್ಲ ಸೇರಿ ಕೆಂಪು ಚಟ್ನಿಯಂತಾದಾಗ ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಳ್ಳುವಳು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಕೇಳಿದರೆ, "ತಮಾ, ಹಲ್ಲು ಹೋದ್ರೆ ಎಂತ ಆತು, ಕವಳ ಅಂತೂ ತಪ್ಪಿದ್ದಿಲ್ಲೆ" ಅಂತ ಬೊಚ್ಚುಬಾಯಿ ತೆರೆದು ನಗುವಳು. ಎಂಬತ್ತೆಂಟು ವರ್ಷ ಬದುಕಿದಳು.

ಹಾಗಾಗಿ "ಹಲ್ಲು ಕಳೆದುಕೊಂಡವರು ಬೇಗ ಸಾಯುತ್ತಾರೆ" ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ಓದಿದಾಗ ಮೊದಲು ನೆನಪಾದದ್ದು ಆ ಕುಟ್ಟಾಣಿ. ಇಂಥ ಸುದ್ದಿ ಈಗ ಆಗಾಗ ಬರುತ್ತಲೇ ಇರುತ್ತದೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಬಂದು ಬೀಳುತ್ತದೆ, ಕೆಳಗೆ ಯಾರೋ ಒಂದು ಟೂತ್‌ಪೇಸ್ಟಿನ ಹೆಸರು ಹಾಕುತ್ತಾರೆ, ಮುಗಿಯಿತು. ಒಬ್ಬ ಅಜ್ಜಿಯಿಂದ ಅಧ್ಯಯನಗಳು ಸುಳ್ಳಾಗುವುದಿಲ್ಲ, ಅದು ಗೊತ್ತಿರುವುದೇ. ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ ತೊಂಬತ್ತು ದಾಟಿದ ಅಜ್ಜ ಎಲ್ಲ ಊರಿನಲ್ಲೂ ಒಬ್ಬನಿರುತ್ತಾನೆ. ಆದರೆ ಸುದ್ದಿ ಬರೆಯುವವರು ಒಂದು ಪ್ರಶ್ನೆ ಕೇಳುವುದೇ ಇಲ್ಲ. ಆ ಹಲ್ಲು ಹೋದದ್ದು ಯಾಕೆ? ಅದಕ್ಕೆ ಉತ್ತರ ಸಿಗದೆ ಹಲ್ಲಿಗೂ ಆಯಸ್ಸಿಗೂ ಇರುವ ನಂಟು ಅರ್ಥವಾಗುವುದಿಲ್ಲ.

ಮೊದಲು ಅಧ್ಯಯನಗಳು ಹೇಳಿದ್ದನ್ನು ನೋಡೋಣ.

ಫಿನ್ಲೆಂಡಿನಲ್ಲಿ 1997ರಲ್ಲಿ ಒಂದು ದೊಡ್ಡ ಆರೋಗ್ಯ ಸಮೀಕ್ಷೆ ನಡೆಯಿತು. ಅದರಲ್ಲಿ 25ರಿಂದ 75 ವರ್ಷದ 8,446 ಜನರ ಹಲ್ಲು ಎಣಿಸಿದ್ದರು. ಆಮೇಲೆ 13 ವರ್ಷ ಅವರ ಆಸ್ಪತ್ರೆ ದಾಖಲೆ, ಸಾವಿನ ದಾಖಲೆ ಎಲ್ಲ ಗಮನಿಸಿದರು. ಒಂಬತ್ತು ಅಥವಾ ಜಾಸ್ತಿ ಹಲ್ಲು ಹೋದವರಲ್ಲಿ ಸಾವಿನ ಅಪಾಯ ಶೇ 37ರಷ್ಟು ಹೆಚ್ಚು ಕಂಡಿತು. ಸಕ್ಕರೆ ಕಾಯಿಲೆಯ ಅಪಾಯ ಶೇ 31ರಷ್ಟು, ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ 51ರಷ್ಟು ಹೆಚ್ಚು. ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಅಪಾಯವಂತೂ ಐದು ಹಲ್ಲು ಹೋದಲ್ಲಿಂದಲೇ ಏರುತ್ತಿತ್ತು.

ಇನ್ನೊಂದು ಸ್ಕಾಟ್ಲೆಂಡಿನ ಗ್ಲಾಸ್ಗೊದ್ದು. ನನಗೆ ಇದು ಹೆಚ್ಚು ಇಷ್ಟ. 1948ರಿಂದ 1968ರವರೆಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರ ಆರೋಗ್ಯ ತಪಾಸಣೆಯ ಕಾಗದಗಳು ಹಾಗೇ ಉಳಿದಿದ್ದವು. ಯಾರಿಗೆ ಎಷ್ಟು ಹಲ್ಲಿಲ್ಲ ಅಂತಲೂ ಅದರಲ್ಲಿ ಬರೆದಿತ್ತು. ಐವತ್ತಕ್ಕೂ ಹೆಚ್ಚು ವರ್ಷವಾದ ಮೇಲೆ ಯಾರು ಯಾವುದರಿಂದ ತೀರಿಕೊಂಡರು ಅಂತ ಹುಡುಕಿ ತಾಳೆ ನೋಡಿದರು. ಆ ಎಳೆ ವಯಸ್ಸಿಗೇ ಒಂಬತ್ತು ಅಥವಾ ಹೆಚ್ಚು ಹಲ್ಲು ಕಳೆದುಕೊಂಡಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತವರ ಪ್ರಮಾಣ ಶೇ 35ರಷ್ಟು ಹೆಚ್ಚಿತ್ತು. ಇಪ್ಪತ್ತರ ಹರೆಯದವರಿಗೆ ಆಗ ಹೃದಯದ ಕಾಯಿಲೆ ಶುರುವಾಗಿರಲಿಲ್ಲ. ಎಲ್ಲರೂ ಕಾಲೇಜು ಮೆಟ್ಟಿಲು ಹತ್ತಿದವರು. ಹಾಗಾಗಿ "ಮೊದಲೇ ಕಾಯಿಲೆ ಇತ್ತು, ಅದಕ್ಕೇ ಹಲ್ಲು ಹೋಯಿತು" ಎನ್ನುವ ವಾದ ಇಲ್ಲಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

2021ರಲ್ಲಿ ಇಂಥ 57 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ಚಿತ್ರ ಅದೇ. ವಸಡಿನ ಕಾಯಿಲೆ ಇದ್ದವರಲ್ಲಿ, ಹಲ್ಲೇ ಇಲ್ಲದವರಲ್ಲಿ, ಸಾವಿನ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು.

ಇಲ್ಲಿ ಒಂದು ಮಾತು. "ಶೇ 37 ಹೆಚ್ಚು" ಎಂದರೆ ನೂರರಲ್ಲಿ ಮೂವತ್ತೇಳು ಜನ ಸಾಯುತ್ತಾರೆ ಅಂತಲ್ಲ. ಒಂದು ವಯಸ್ಸಿನ ನೂರು ಜನರಲ್ಲಿ ಹತ್ತು ವರ್ಷದೊಳಗೆ ಹತ್ತು ಜನ ತೀರಿಹೋಗುತ್ತಾರೆ ಅಂದುಕೊಳ್ಳಿ. ಹಲ್ಲು ಹೋದವರಲ್ಲಿ ಅದು ಹದಿಮೂರೋ ಹದಿನಾಲ್ಕೋ ಆಗುತ್ತದೆ. ಸಣ್ಣದೇನಲ್ಲ, ಆದರೆ ತಲೆಬರಹ ಹೆದರಿಸುವಷ್ಟು ದೊಡ್ಡದೂ ಅಲ್ಲ.

ಹಲ್ಲಿನ ಲೆಕ್ಕವೋ, ಜೇಬಿನ ಲೆಕ್ಕವೋ

2010ರಲ್ಲಿ ಬಂದ ಇನ್ನೊಂದು ಸ್ಕಾಟ್ಲೆಂಡ್ ಅಧ್ಯಯನ ತುಂಬ ಸುದ್ದಿ ಮಾಡಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಎಂಟು ವರ್ಷ ಗಮನಿಸಿದ್ದರು. ದಿನಕ್ಕೆ ಒಂದು ಸಲವೂ ಸರಿಯಾಗಿ ಹಲ್ಲುಜ್ಜದವರಲ್ಲಿ, ಎರಡು ಸಲ ಉಜ್ಜುವವರಿಗಿಂತ ಹೃದಯದ ಕಾಯಿಲೆ ಶೇ 70ರಷ್ಟು ಜಾಸ್ತಿ. ಪತ್ರಿಕೆಗಳು "ಹಲ್ಲುಜ್ಜಿ, ಹಾರ್ಟ್ ಅಟ್ಯಾಕ್ ತಪ್ಪಿಸಿ" ಎಂದು ಬರೆದವು.

ಸ್ವಲ್ಪ ಯೋಚಿಸಿ. ಹಲ್ಲುಜ್ಜದವನು ಎಂಥವನು? ಅವನು ಸಿಗರೇಟು ಸೇದುವ ಸಾಧ್ಯತೆ ಜಾಸ್ತಿ. ಬಿ.ಪಿ. ಮಾತ್ರೆ ತಪ್ಪಿಸುವವನೂ ಅವನೇ ಇರಬಹುದು. ರಾತ್ರಿ ಪಾಳಿ ಮುಗಿಸಿ ಬಂದು ಹಾಗೇ ಬಿದ್ದುಕೊಳ್ಳುವ ಕೂಲಿಯವನಿರಬಹುದು. ಅಧ್ಯಯನ ಮಾಡಿದವರು ಸಿಗರೇಟು, ತೂಕ, ಸಾಮಾಜಿಕ ಸ್ಥಿತಿ ಎಲ್ಲವನ್ನೂ ಲೆಕ್ಕದಿಂದ ಕಳೆದು ನೋಡಿದ್ದರು, ನಿಜ. ಆದರೂ ಮನುಷ್ಯನ ಬದುಕಿನ ಎಲ್ಲವನ್ನೂ ಹಾಗೆ ಕಳೆಯಲು ಬರುವುದಿಲ್ಲ. ಏನೋ ಒಂದು ಉಳಿದುಬಿಡುತ್ತದೆ, ಅದು ಹಲ್ಲಿನ ಖಾತೆಗೆ ಬೀಳುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ನೋಡಲು ಅಂಕಿಸಂಖ್ಯೆ ಬೇಡ. ಸಿದ್ದಾಪುರದ ಘಟ್ಟದ ಹಳ್ಳಿಯೊಂದರಲ್ಲಿ ಒಬ್ಬನಿಗೆ ದವಡೆ ಹಲ್ಲು ಹುಳುಕಾಗಿದೆ ಎನ್ನಿ. ಹಲ್ಲು ಉಳಿಸಲು ರೂಟ್ ಕೆನಾಲ್ ಮಾಡಿಸಬೇಕು, ಮೇಲೆ ಕ್ಯಾಪ್ ಹಾಕಿಸಬೇಕು. ಅದಕ್ಕೆ ಮೂರು ನಾಲ್ಕು ಸಲ ಪೇಟೆಗೆ ಬರಬೇಕು. ಸಲಕ್ಕೊಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಕೀಳಿಸುವುದಾದರೆ ಒಂದೇ ದಿನ. ಖರ್ಚು ನೂರುಗಳಲ್ಲಿ ಮುಗಿಯುತ್ತದೆ, ಉಳಿಸುವ ಖರ್ಚು ಸಾವಿರಗಳಲ್ಲಿ. ಅವನು ಏನು ಮಾಡುತ್ತಾನೆ? "ಕಿತ್ತು ಹಾಕ್ಬಿಡಿ ಡಾಕ್ಟ್ರೇ" ಎನ್ನುತ್ತಾನೆ. ಅದೇ ಹುಳುಕು ಶಿರಸಿ ಪೇಟೆಯ ವ್ಯಾಪಾರಿಗೆ ಬಂದರೆ ಹಲ್ಲು ಉಳಿಯುತ್ತದೆ. ಕಾಯಿಲೆ ಇಬ್ಬರಿಗೂ ಒಂದೇ. ಇಪ್ಪತ್ತು ವರ್ಷ ಕಳೆದು ಯಾರೋ ಬಂದು ಹಲ್ಲು ಎಣಿಸಿದರೆ ಒಬ್ಬನ ಬಾಯಲ್ಲಿ ಹದಿನಾಲ್ಕು, ಇನ್ನೊಬ್ಬನ ಬಾಯಲ್ಲಿ ಇಪ್ಪತ್ತೇಳು. ಎಣಿಸಿದವನು ಹಲ್ಲನ್ನು ಎಣಿಸಿದನೋ, ದುಡ್ಡನ್ನು ಎಣಿಸಿದನೋ?

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಬಂಗಡೆ, ತಾರ್ಲೆ ಬುಟ್ಟಿ ಮುಂದಿಟ್ಟು ಕೂರುವ ಹೆಂಗಸರನ್ನು ನೋಡಿ. ಹಲ್ಲು ನೋವೆಂದು ಲವಂಗ ಕಚ್ಚಿಕೊಂಡೇ ವ್ಯಾಪಾರ ಮಾಡುತ್ತಾರೆ. ಎದ್ದು ಹೋದರೆ ಮೀನು ಕಾಯುತ್ತದೆಯೇ? ಅದೇ ಬಾಯಿಯ ಒಡತಿಯ ಬಿ.ಪಿ. ಯಾರು ನೋಡಿದ್ದಾರೆ, ಸಕ್ಕರೆ ಯಾರು ನೋಡಿದ್ದಾರೆ? ಹಲ್ಲು ನಿರ್ಲಕ್ಷ್ಯವಾದ ಕಡೆ ದೇಹದ ಉಳಿದದ್ದೂ ನಿರ್ಲಕ್ಷ್ಯವಾಗಿರುತ್ತದೆ. ಬಾಯಿ ತೆರೆದರೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಎಲ್ಲ ಹಲ್ಲೂ ಕಿತ್ತರೆ?

ಬಾಯಿಯ ಸೋಂಕೇ ಎಲ್ಲ ಕಾಯಿಲೆಯ ಮೂಲ ಎಂದು ನಂಬಿದ ಕಾಲವೊಂದಿತ್ತು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಚಿನ್ನದ ಕ್ಯಾಪಿನ ಕೆಳಗೆ ಕೀವು ಮುಚ್ಚಿಟ್ಟು ಜನರನ್ನು ರೋಗಿಗಳನ್ನಾಗಿ ಮಾಡುತ್ತಿದ್ದೀರಿ ಎಂದು ದಂತವೈದ್ಯರನ್ನು ತರಾಟೆಗೆ ತೆಗೆದುಕೊಂಡ. ಆಮೇಲೆ ಶುರುವಾಯಿತು ನೋಡಿ ಹಲ್ಲು ಕೀಳುವ ಹುಚ್ಚು. ಕೀಲುನೋವಿಗೆ ಹಲ್ಲು ಕೀಳುವುದು, ಹೊಟ್ಟೆನೋವಿಗೂ ಹಲ್ಲು ಕೀಳುವುದು. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಮನೋರೋಗವೂ ಹಲ್ಲಿನಿಂದಲೇ ಬರುತ್ತದೆ ಎಂದು ಸಾವಿರಾರು ಹಲ್ಲು ಕೀಳಿಸಿದ. ಗುಣವಾಗದಿದ್ದರೆ ಟಾನ್ಸಿಲ್, ಅದೂ ಆಗದಿದ್ದರೆ ದೊಡ್ಡ ಕರುಳು. ಎಷ್ಟೋ ರೋಗಿಗಳು ಶಸ್ತ್ರಚಿಕಿತ್ಸೆಯಲ್ಲೇ ಸತ್ತರು. ಆತ ತನ್ನ ಮಕ್ಕಳ ಹಲ್ಲನ್ನೂ ಬಿಡಲಿಲ್ಲ.

ಆ ವಿಚಾರ ಬಿದ್ದುಹೋಗಿ ದಶಕಗಳಾದವು. ಆದರೆ ಅದರಿಂದ ಒಂದು ಒಳ್ಳೆಯ ಪ್ರಶ್ನೆ ಉಳಿಯಿತು. ವಸಡಿನ ಸೋಂಕು ಹೃದಯವನ್ನು ಹಾಳು ಮಾಡುವುದು ನಿಜವಾದರೆ, ಎಲ್ಲ ಹಲ್ಲೂ ಹೋದವರಿಗೆ ಆ ಸೋಂಕೂ ಹೋಗಿರುತ್ತದೆ. ಅವರ ಹೃದಯ ಚೆನ್ನಾಗಿರಬೇಕಲ್ಲ? 2001ರಲ್ಲಿ ಅಮೆರಿಕದ ಸಂಶೋಧಕ ಫಿಲಿಪ್ ಹುಜೋಲ್ ಮತ್ತು ಜೊತೆಯವರು ಇದನ್ನೇ ನೋಡಿದರು. ಹಲ್ಲೇ ಇಲ್ಲದವರಿಗೆ, ವಸಡಿನ ಕಾಯಿಲೆಯ ಜೊತೆ ಹಲ್ಲೂ ಇದ್ದವರಿಗಿಂತ ಹೃದಯದ ಅಪಾಯ ಕಡಿಮೆ ಇರಲಿಲ್ಲ.

ಇದರಿಂದ ಎರಡು ಅರ್ಥ ತೆಗೆಯಬಹುದು. ಹಾನಿಯೆಲ್ಲ ಮೊದಲೇ ಆಗಿಹೋಗಿತ್ತು, ಆಮೇಲೆ ಹಲ್ಲು ಕಿತ್ತು ಪ್ರಯೋಜನವಾಗಲಿಲ್ಲ ಅನ್ನಬಹುದು. ಅಥವಾ ಹೃದಯಕ್ಕೆ ಹಾನಿ ಮಾಡಿದ್ದು ಹಲ್ಲೇ ಅಲ್ಲ, ಹಲ್ಲನ್ನೂ ಹೃದಯವನ್ನೂ ಒಟ್ಟಿಗೆ ತಿಂದ ಬೇರೇನೋ ಅನ್ನಬಹುದು. ನನ್ನ ಮಟ್ಟಿಗೆ ಎರಡನೆಯದರ ಪಾಲು ದೊಡ್ಡದು, ಅದರಲ್ಲೂ ತಂಬಾಕಿನ ಪಾಲು. 2012ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದೂ ಇಷ್ಟೇ: ನಂಟು ಇದೆ, ಆದರೆ ವಸಡಿನ ಕಾಯಿಲೆಯೇ ಹೃದ್ರೋಗಕ್ಕೆ ಕಾರಣ ಎಂಬುದಕ್ಕೆ ಪುರಾವೆ ಇಲ್ಲ.

ಹಾಗಂತ ವಸಡು ಸುಮ್ನೆ ಕೂತಿರುತ್ತದೆ ಅಂದುಕೊಳ್ಳಬೇಡಿ. ನನಗೇ ನಾಲ್ಕು ವರ್ಷದ ಹಿಂದೆ ಹಲ್ಲುಜ್ಜುವಾಗ ರಕ್ತ ಬರಲು ಶುರುವಾಯಿತು. ರಕ್ತ ಬರುತ್ತದೆ ಅಂತ ಆ ಜಾಗದಲ್ಲಿ ಬ್ರಷ್ ಆಡಿಸುವುದನ್ನೇ ಬಿಟ್ಟೆ. ಎಂಥ ಬುದ್ಧಿವಂತಿಕೆ ನೋಡಿ. ಕೊನೆಗೆ ದಂತವೈದ್ಯರ ಕುರ್ಚಿಯಲ್ಲಿ ಮಲಗಿದಾಗ ಅವರು ಗೆರೆ ಕೊರೆದ ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲು ವಸಡಿನ ಸಂದಿಗೆ ಇಳಿಸುತ್ತ ಹೋದರು. ಪಕ್ಕದಲ್ಲಿ ಸಹಾಯಕಿ ಬರೆದುಕೊಳ್ಳುತ್ತಿದ್ದಳು. "ಮೂರು, ಎರಡು, ಮೂರು. ಮೂರು, ನಾಲ್ಕು, ಆರು." ತರಕಾರಿ ಲೆಕ್ಕ ಹೇಳಿದ ಹಾಗೆ. ಅವು ಮಿಲಿಮೀಟರುಗಳು. ಮೂರರವರೆಗೆ ಪರವಾಗಿಲ್ಲ. ನಾಲ್ಕರಿಂದ ಮೇಲೆ ಹೋದರೆ ವಸಡು ಹಲ್ಲನ್ನು ಬಿಟ್ಟುಕೊಡುತ್ತಿದೆ ಎಂದರ್ಥ. ಆರಿದ್ದ ಕಡೆ ಕೆಳಗಿನ ಎಲುಬು ಕರಗಲು ಶುರುವಾಗಿತ್ತು. ನೋವು ಒಂದಿಷ್ಟೂ ಇರಲಿಲ್ಲ. ಈ ಕಾಯಿಲೆಯ ಗುಣವೇ ಅದು. ಹುಳುಕು ಹಲ್ಲು ರಾತ್ರಿ ಎಬ್ಬಿಸುತ್ತದೆ, ವಸಡು ಸದ್ದಿಲ್ಲದೆ ಹಲ್ಲು ಸಡಿಲ ಮಾಡುತ್ತದೆ.

ಆ ಸಂದಿಗಳ ಒಳಗೋಡೆ ಹಸಿಹುಣ್ಣಿನಂತೆ ಇರುತ್ತದೆ. ಕಾಯಿಲೆ ಜೋರಾಗಿ ಬಾಯಿ ತುಂಬ ಹರಡಿದವರಲ್ಲಿ ಈ ಹುಣ್ಣನ್ನೆಲ್ಲ ಬಿಡಿಸಿ ಹಾಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ. ಇದನ್ನು ಲೆಕ್ಕ ಹಾಕಿದವರೂ ಹುಜೋಲ್ ತಂಡದವರೇ. ಹೆಚ್ಚೆಂದರೆ ಒಂದು ಬೆಂಕಿಪೊಟ್ಟಣದ ಮುಖದಷ್ಟು. ಕೈ ಮೇಲೆ ಅಷ್ಟಗಲ ಹಸಿಗಾಯ ವರ್ಷಗಟ್ಟಲೆ ಮಾಯದೆ ಇದ್ದರೆ ನಾವು ಸುಮ್ಮನಿರುತ್ತೇವಾ? ಅಗಿದಾಗ, ಉಜ್ಜಿದಾಗ ಅಲ್ಲಿಂದ ರೋಗಾಣು ರಕ್ತಕ್ಕೆ ಇಳಿಯುತ್ತದೆ. ಆರೋಗ್ಯವಂತರ ದೇಹ ಅದನ್ನು ಆಗಿಂದಾಗ ಮುಗಿಸುತ್ತದೆ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ, ಕೃತಕ ಕವಾಟ ಹಾಕಿಸಿಕೊಂಡವರಲ್ಲಿ ಮಾತ್ರ ಅದು ಅಲ್ಲೇ ಬೀಡುಬಿಟ್ಟು ಪ್ರಾಣಕ್ಕೆ ಕುತ್ತು ತರಬಹುದು. ಕವಾಟದ ತೊಂದರೆ ಇರುವವರು ಹಲ್ಲು ಕೀಳಿಸುವ ಮೊದಲು ಅದನ್ನು ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಸಕ್ಕರೆ ಕಾಯಿಲೆ. ಬಾಯಿ ಮತ್ತು ದೇಹದ ನಂಟಿನಲ್ಲಿ ಗಟ್ಟಿ ಪುರಾವೆ ಇರುವುದು ಇಲ್ಲಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಸಿಗುವುದಿಲ್ಲ. ಇದು ಸುಮ್ನೆ ಎಣಿಕೆಯಿಂದ ಬಂದ ಮಾತಲ್ಲ. ಒಂದು ಗುಂಪಿಗೆ ವಸಡಿನ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಿ ನೋಡಿದ ಪ್ರಯೋಗಗಳಿವೆ. ಅವನ್ನೆಲ್ಲ 2022ರಲ್ಲಿ ಕಾಕ್ರೇನ್ ಎಂಬ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗಿಟ್ಟು ಪರಿಶೀಲಿಸುವ ಸಂಸ್ಥೆ ಒಟ್ಟು ಮಾಡಿತು. ಹಲ್ಲಿನ ಬುಡ ಕ್ಲೀನ್ ಮಾಡಿಸಿದವರಲ್ಲಿ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ, ಮೂರು ನಾಲ್ಕು ತಿಂಗಳಲ್ಲಿ 0.43 ಶೇಕಡಾ ಅಂಶದಷ್ಟು ಇಳಿಯಿತು. ವರ್ಷದ ಹೊತ್ತಿಗೆ 0.5. ಇದು ಸಕ್ಕರೆಗೆ ಇನ್ನೊಂದು ಮಾತ್ರೆ ಸೇರಿಸಿದರೆ ಸಿಗುವ ಇಳಿಕೆಗೆ ಹತ್ತಿರ ಬರುತ್ತದೆ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಸಮೀಕ್ಷೆ 2023ರಲ್ಲಿ ಹೇಳಿತು. ಅವರಲ್ಲಿ ಎಷ್ಟು ಜನರಿಗೆ "ಒಮ್ಮೆ ವಸಡು ತೋರಿಸಿ" ಅಂತ ಯಾರಾದರೂ ಹೇಳಿದ್ದಾರೆ? ನಿಮ್ಮ ಮನೆಯಲ್ಲಿ ಸಕ್ಕರೆ ಇದ್ದವರನ್ನು ಕೇಳಿ ನೋಡಿ.

ಎಲ್ಲ ಪ್ರಯೋಗವೂ ಹೀಗೆ ಒಳ್ಳೆಯ ಸುದ್ದಿ ತಂದಿಲ್ಲ. ಗರ್ಭಿಣಿಯರ ವಸಡಿಗೆ ಚಿಕಿತ್ಸೆ ಕೊಟ್ಟರೆ ದಿನ ತುಂಬುವ ಮೊದಲು ಹೆರಿಗೆಯಾಗುವುದು ತಪ್ಪುತ್ತದೆ ಎಂದು ಬಹಳ ಜನ ನಂಬಿದ್ದರು. 2006ರ ದೊಡ್ಡ ಪ್ರಯೋಗದಲ್ಲಿ ವಸಡು ಸುಧಾರಿಸಿತು, ಹೆರಿಗೆಯ ದಿನದಲ್ಲಿ ಏನೂ ಬದಲಾಗಲಿಲ್ಲ. ನಂಟು ಕಂಡ ಕೂಡಲೇ ಕಾರಣ ಸಿಕ್ಕಿತು ಎನ್ನುವವರಿಗೆ ನಾನು ಈ ಪ್ರಯೋಗವನ್ನು ನೆನಪಿಸುತ್ತೇನೆ.

ಮಲಗುವಾಗ ಹಲ್ಲುಸೆಟ್ಟು ಎಲ್ಲಿರುತ್ತದೆ?

ವಯಸ್ಸಾದವರ ವಿಷಯದಲ್ಲಿ ಬಾಯಿಂದ ಸಾವಿಗೆ ಇರುವ ಹತ್ತಿರದ ದಾರಿ ಹೃದಯದ ಮೂಲಕ ಅಲ್ಲ, ಶ್ವಾಸಕೋಶದ ಮೂಲಕ. ಹಾಸಿಗೆ ಹಿಡಿದವರು, ಪಾರ್ಶ್ವವಾಯು ಆದವರು ನುಂಗುವಾಗ ಚೂರು ಎಂಜಲು ಶ್ವಾಸನಾಳಕ್ಕೆ ಜಾರುತ್ತದೆ. ಬಾಯಿ ಕೊಳಕಾಗಿದ್ದರೆ ಅದರ ಜೊತೆ ರೋಗಾಣುವೂ ಇಳಿದು ನ್ಯುಮೋನಿಯಾ ಆಗುತ್ತದೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಒಂದು ಗುಂಪಿನ ಹಿರಿಯರಿಗೆ ಪ್ರತಿ ಊಟದ ನಂತರ ಬಾಯಿ ಸ್ವಚ್ಛ ಮಾಡಿಸಿದರು. ಇನ್ನೊಂದು ಗುಂಪು ಮಾಮೂಲಿನಂತೆ. ಎರಡು ವರ್ಷದಲ್ಲಿ ಮಾಮೂಲಿ ಗುಂಪಿನ ಶೇ 19 ಜನರಿಗೆ ನ್ಯುಮೋನಿಯಾ ಬಂತು, ಬಾಯಿ ಸ್ವಚ್ಛ ಮಾಡಿಸಿದ ಗುಂಪಿನಲ್ಲಿ ಶೇ 11 ಜನರಿಗೆ. ನ್ಯುಮೋನಿಯಾದಿಂದ ಸತ್ತವರು ಶೇ 16 ಮತ್ತು ಶೇ 7. ಇದು 2002ರಲ್ಲಿ ಪ್ರಕಟವಾದದ್ದು. ಬೇಕಾದದ್ದು ಬ್ರಷ್ ಮತ್ತು ಸ್ವಲ್ಪ ತಾಳ್ಮೆ.

ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದವರಿಗೆ ಮೈ ಒರೆಸುತ್ತೇವೆ, ಬೆನ್ನಿಗೆ ಪೌಡರ್ ಹಾಕುತ್ತೇವೆ. ಬಾಯಿ? "ಹಲ್ಲೇ ಇಲ್ಲ, ಏನು ಉಜ್ಜೋದು" ಎನ್ನುತ್ತೇವೆ. ನಾಲಿಗೆ, ವಸಡು, ಅಂಗುಳಕ್ಕೂ ಕೊಳೆ ಕೂರುತ್ತದೆ.

ಹೊನ್ನಾವರದ ಅತ್ತೆಗೆ ಹಲ್ಲುಸೆಟ್ಟು ಬಂದಾಗ ಮನೆಯಲ್ಲೊಂದು ಹಬ್ಬ. ನಾಚಿಕೆಗೋ ಪ್ರೀತಿಗೋ, ಅತ್ತೆ ರಾತ್ರಿಯೂ ಅದನ್ನು ತೆಗೆಯುತ್ತಿರಲಿಲ್ಲ. "ತೆಗೆದಿಟ್ಟರೆ ಬೆಕ್ಕು ಹೊತ್ತುಕೊಂಡು ಹೋಗ್ತದೆ" ಎನ್ನುತ್ತಿದ್ದರು. ಜಪಾನಿನಲ್ಲಿ 85 ದಾಟಿದ ಐನೂರಕ್ಕೂ ಹೆಚ್ಚು ಹಿರಿಯರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಎರಡು ಪಟ್ಟಿಗೂ ಹೆಚ್ಚು ಕಂಡಿತ್ತು. ಅತ್ತೆಗೆ ಇದನ್ನು ಹೇಳಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿ ಇಡಲು ಒಪ್ಪಿದರು. ಬೆಕ್ಕಿನ ಸಮಸ್ಯೆಯೂ ಬಗೆಹರಿಯಿತು.

ಊಟದ ಮಾತನ್ನೂ ಆಡಬೇಕು. ಮೂವತ್ತೆರಡೂ ಬೇಕೆಂದಿಲ್ಲ. ಇಪ್ಪತ್ತು ಹಲ್ಲಿದ್ದರೆ ಹೆಚ್ಚುಕಡಿಮೆ ಎಲ್ಲವನ್ನೂ ಅಗಿದು ತಿನ್ನಬಹುದು ಎಂಬುದು ಪ್ರಪಂಚದಾದ್ಯಂತ ಒಪ್ಪಿದ ಅಂದಾಜು. ಅದಕ್ಕೇ ಜಪಾನ್ 1989ರಲ್ಲಿ "8020" ಎಂಬ ಆಂದೋಲನ ಶುರುಮಾಡಿತು. 80ನೇ ವಯಸ್ಸಿಗೆ 20 ಹಲ್ಲು. ಆಗ ಅಲ್ಲಿ ಆ ಗುರಿ ಮುಟ್ಟಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 2016ರ ಹೊತ್ತಿಗೆ ಅರ್ಧಕ್ಕರ್ಧ ಜನ ಮುಟ್ಟಿದ್ದರು. ಇಪ್ಪತ್ತಕ್ಕಿಂತ ಕೆಳಗೆ ಇಳಿದರೆ ತಟ್ಟೆಯೇ ಬದಲಾಗುತ್ತದೆ. ಸೊಪ್ಪಿನ ಪಲ್ಯ, ಕಾಳು, ಹಸಿ ಸೌತೆಕಾಯಿ, ಶೇಂಗಾ ಒಂದೊಂದಾಗಿ ತಟ್ಟೆಯಿಂದ ಇಳಿಯುತ್ತವೆ. ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಬ್ರೆಡ್ಡು ಏರುತ್ತವೆ. ಸಕ್ಕರೆ ಇದ್ದವರಿಗೆ ಇದಕ್ಕಿಂತ ಕೆಟ್ಟ ಬದಲಾವಣೆ ಬೇಕೇ? ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ನಮ್ಮವರು ನಕ್ಕದ್ದು ಬೇರೆ ಅರ್ಥದಲ್ಲಿ. ವೈದ್ಯರ ಕಣ್ಣಿಗೆ ಅದು ನಾರಿನಂಶ, ಪ್ರೋಟೀನಿನ ಕೊರತೆಯ ವರದಿ.

ಕವಳದ ಮಾತು

ಫಿನ್ಲೆಂಡ್, ಸ್ಕಾಟ್ಲೆಂಡ್, ಜಪಾನ್ ಆಯಿತು. ಅಲ್ಲಿಯ ಯಾವ ಲೆಕ್ಕದಲ್ಲೂ ಕವಳ ಇಲ್ಲ. ನಮ್ಮ ಕಡೆ ಬಾಯಿಯ ಬಗ್ಗೆ ಬರೆದು ಕವಳ ಬಿಟ್ಟರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ.

ಇದನ್ನು ಬರೆಯುವುದು ಸುಲಭವಲ್ಲ ಎಂದೂ ಗೊತ್ತು. ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ಶಿರಸಿ ಪೇಟೆ ನಿಂತಿರುವುದೇ ಚಾಲಿ, ರಾಶಿ ಅಡಿಕೆಯ ಧಾರಣೆಯ ಮೇಲೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಮದುವೆಮನೆಯಲ್ಲಿ ಕವಳದ ತಬಕು ಮುಂದೆ ಬಾರದಿದ್ದರೆ ಉಪಚಾರ ಮುಗಿಯುವುದಿಲ್ಲ. ಆದರೂ ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಹಾಕಿದ ಕವಳ, ಹಾಕದ ಕವಳ, ಎರಡೂ ಅದೇ ಗುಂಪು. ನಮ್ಮಲ್ಲಿ ಈ ವರದಿಗೆ ತಕರಾರು ತೆಗೆಯುವವರು ಬಹಳ ಇದ್ದಾರೆ. "ನಮ್ಮಜ್ಜಿ ಜೀವಮಾನವಿಡೀ ಕವಳ ಹಾಕಿದಳು, ಏನಾಯ್ತು?" ನನ್ನ ಅಜ್ಜಿಯದೂ ಅದೇ ಕತೆ, ಮೇಲೆ ಹೇಳಿದೆನಲ್ಲ. ಆದರೆ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರೇ ಎಲ್ಲಕ್ಕಿಂತ ಮುಂದಿರುವ ದೇಶ ನಮ್ಮದು. ಊಟದ ಮೇಲೊಂದು ಕವಳ ಹಾಕುವುದು ಬೇರೆ, ಬೆಳಗಿನಿಂದ ರಾತ್ರಿವರೆಗೆ ಕೆನ್ನೆಯಲ್ಲಿ ಗುಟ್ಕಾ ಇಟ್ಟುಕೊಳ್ಳುವುದು ಬೇರೆ, ನಿಜ. ಹಾಗೆಂದು ಮೊದಲನೆಯದಕ್ಕೆ ಅಪಾಯವೇ ಇಲ್ಲ ಎನ್ನಲು ಬರುವುದಿಲ್ಲ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿದರೆ ಆಯಿತು, ಅದೇ ಗುಟ್ಕಾ.

ಅಡಿಕೆ ಬಾಯಿಯ ಒಳಚರ್ಮವನ್ನು ಬಿಗಿ ಮಾಡುತ್ತದೆ. ಮೊದಲು ಖಾರ ತಡೆಯುವುದಿಲ್ಲ. ಮನೆಯವರು "ಇವನಿಗೆ ಇತ್ತೀಚೆಗೆ ಸಪ್ಪೆ ಅಡುಗೆಯೇ ಬೇಕು" ಎನ್ನುತ್ತಾರೆ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿದ ಪಟ್ಟಿಗಳು. ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಯದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಒಮ್ಮೆ ಬಿಗಿದ ಬಾಯಿ ಮೊದಲಿನಂತೆ ಆಗುವುದಿಲ್ಲ, ಅಂಥ ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ.

ಇನ್ನೊಂದು ಮೋಸವಿದೆ. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಬರುವುದು ಕಡಿಮೆ, ಯಾಕೆಂದರೆ ಅಲ್ಲಿನ ರಕ್ತಸಂಚಾರವೇ ತಗ್ಗಿರುತ್ತದೆ. ನನಗೆ ಎಚ್ಚರಿಕೆ ಕೊಟ್ಟ ರಕ್ತ ಅವರಿಗೆ ಆ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕೊಂಕಣ ಸೀಮೆಯಲ್ಲಿ ಹುರಿದ ಹೊಗೆಸೊಪ್ಪಿನ ಪುಡಿ, ಮಿಶ್ರಿ, ವಸಡಿಗೆ ತಿಕ್ಕುವ ಹೆಂಗಸರಿದ್ದಾರೆ. ಹಲ್ಲು ಗಟ್ಟಿಯಾಗುತ್ತದೆ ಎಂದು ನಂಬಿ ತಿಕ್ಕುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಭರವಸೆಯ ಲೆಕ್ಕವೂ ಇದೆ, ಅದೂ ನಮ್ಮ ಪಕ್ಕದ ಕೇರಳದ್ದು. ತಿರುವನಂತಪುರದ ಸುತ್ತಲಿನ 13 ಪಂಚಾಯಿತಿಗಳಲ್ಲಿ 1996ರಲ್ಲಿ ಒಂದು ಪ್ರಯೋಗ ಶುರುವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಕೆಲವು ಪಂಚಾಯಿತಿಗಳಲ್ಲಿ ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿದರು. ಅನುಮಾನ ಬಂದವರನ್ನು ವೈದ್ಯರ ಹತ್ತಿರ ಕಳಿಸಿದರು. ಹೀಗೆ ಮೂರು ಸುತ್ತು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ಹಲ್ಲಿಗೂ ಆಯಸ್ಸಿಗೂ ಇರುವ ನಂಟಿನ ಬಗ್ಗೆ ನೂರು ಅಧ್ಯಯನ ಓದಿದರೂ ಇಷ್ಟು ನೇರವಾದ ಉತ್ತರ ಸಿಗುವುದು ಕಷ್ಟ. ಬಾಯಿ ತೆರೆಸಿ ನೋಡಿದರು, ಜನ ಉಳಿದರು.

ನಮ್ಮಲ್ಲಿ ಇದನ್ನು ಮಾಡಲು ಏನು ಅಡ್ಡಿ? ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಲೇ ಇದ್ದಾರೆ. ಅವರ ಮೇಲೆ ಈಗಾಗಲೇ ಕೆಲಸದ ಹೊರೆ ಇದೆ, ಸಂಬಳದ ತಕರಾರು ಇದೆ, ಇನ್ನೊಂದು ಕೆಲಸ ಹೇರುವ ಮೊದಲು ಅದನ್ನು ಸರಿಮಾಡಬೇಕು. ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರಕಾರ ತಂದದ್ದು ಒಳ್ಳೆಯದೇ. ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಭಾಗ್ಯ. ನಲವತ್ತರ ವಯಸ್ಸಿನಲ್ಲಿ ವಸಡಿಗೆ ಒಮ್ಮೆ ಕಡ್ಡಿ ಇಳಿಸಿ ನೋಡುವವರು ಸಿಕ್ಕರೆ ಆ ಸೆಟ್ಟಿನ ಖರ್ಚೇ ಉಳಿಯುತ್ತದೆ.

ದೂರದ ವಿಷಯ ಬೇರೆ ಇದೆ. ದೊಡ್ಡ ಚಿಕಿತ್ಸೆ ಎಂದರೆ ನಾವು ಹುಬ್ಬಳ್ಳಿ-ಧಾರವಾಡಕ್ಕೆ ಹೋಗಬೇಕು, ಮಣಿಪಾಲ ಮಂಗಳೂರಿಗೆ ಹೋಗಬೇಕು, ಕಾರವಾರದವರು ಗೋವಾಕ್ಕೆ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2019ರಲ್ಲೂ 2022ರಲ್ಲೂ ಜನ ದೊಡ್ಡ ದನಿ ಎತ್ತಿದ್ದರು. ಹಲ್ಲಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಕೆಳದವಡೆಯ ಹುಳುಕು ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರು ಕಟ್ಟುತ್ತದೆ. ದವಡೆಯ ಕೆಳಗೆ ಬಾವು, ಜ್ವರ, ಎಂಜಲು ನುಂಗಲೂ ಆಗದ ಸ್ಥಿತಿ ಒಟ್ಟಿಗೆ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಶಿರಸಿಯಿಂದ ಕುಮಟಾ ಕಡೆಗಿನ ದೇವಿಮನೆ ಘಟ್ಟ ಇಳಿಯುವ ಹೊತ್ತೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆ ಇನ್ನೂ ಇದೆ. ನನಗೂ ಇತ್ತು. ಹಾಗೆ ಅನಿಸುವುದಕ್ಕೆ ಕಾರಣವಿದೆ. ವರ್ಷಗಟ್ಟಲೆ ಕೂತು ಕಲ್ಲಾದ ಕೊಳೆ ಸಿಮೆಂಟಿನಂತೆ ಹಲ್ಲುಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ಅದು ಹೋದಾಗ ಹಲ್ಲಿನ ನಡುವೆ ಗಾಳಿ ಆಡುತ್ತದೆ, ಮೊದಲೇ ಸಡಿಲವಾಗಿದ್ದದ್ದು ಆಗ ಗೊತ್ತಾಗುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದಕ್ಕಂತೂ ಯಾವ ಆಧಾರವೂ ಇಲ್ಲ.

ಇದನ್ನು ಬರೆಯಲು ಕೂತಾಗ ಅಮ್ಮನ ಹಲ್ಲು ಎಷ್ಟಿದೆ ಎಂದು ನನಗೇ ಗೊತ್ತಿಲ್ಲ ಅನ್ನುವುದು ಹೊಳೆಯಿತು. ಸಕ್ಕರೆ ಎಷ್ಟು, ಬಿ.ಪಿ. ಎಷ್ಟು ಎಲ್ಲ ಬಾಯಿಪಾಠ. ಅಡುಗೆಮನೆಯಲ್ಲಿ ಕೂರಿಸಿ ಮೊಬೈಲ್ ಟಾರ್ಚ್ ಹಾಕಿ ಎಣಿಸಿದೆ. ಮೇಲೆ ಒಂಬತ್ತು, ಕೆಳಗೆ ಹತ್ತು. ಎಡಗಡೆ ಕೆಳಗಿನದೊಂದು ಬೆರಳು ತಾಗಿಸಿದರೆ ಅಲ್ಲಾಡಿತು. ಯಾವಾಗಿಂದ ಅಂತ ಕೇಳಿದೆ. ಅವಳು ತೆರೆದ ಬಾಯಲ್ಲೇ ಏನೋ ಹೇಳಿದಳು, ತಿಳಿಯಲಿಲ್ಲ. ಮತ್ತೊಮ್ಮೆ ಎಣಿಸಿದೆ. ಹತ್ತೊಂಬತ್ತೇ.

"ಆತಾ ತಮಾ?" ಎಂದಳು. "ಬಾಯಿ ಮುಚ್ಲಾ?"